ಕಾಗದ ಬಚ್ಚಿಟ್ಟವರ ಮೇಲೆ ಕರುಣೆ ಏಕೆ?

ದಾವೆ ಹೂಡಿ ವರ್ಷಗಳಾಗಿರುತ್ತವೆ. ಇಶ್ಯೂ (ವಿವಾದಾಂಶ) ಆಗಿದೆ, ವಾದಿಯ ಮುಖ್ಯ ವಿಚಾರಣೆ ಮುಗಿದಿದೆ, ಪಾಟೀಸವಾಲೂ ಮುಗಿದಿದೆ. ಪ್ರತಿವಾದಿ ಕಟಕಟೆ ಹತ್ತಬೇಕಾದ ದಿನ ಒಂದು ಐ.ಎ. (ಮಧ್ಯಂತರ ಅರ್ಜಿ) ಬರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 8, ರೂಲ್ 1ಎ(3)ರ ಪ್ರಕಾರ ದಾಖಲೆ ಹಾಜರುಪಡಿಸಲು ಅನುಮತಿ ಕೊಡಬೇಕು ಎಂಬ ಅರ್ಜಿ. ಜೊತೆಗಿರುವ ಅಫಿಡವಿಟ್ ಓದಲೇಬೇಕಿಲ್ಲ. ದಾಖಲೆ ಬೇರೆ ಕಾಗದಗಳ ಜೊತೆ ಸೇರಿಹೋಗಿತ್ತು, ಈಚೆಗೆ ಹುಡುಕುವಾಗ ಸಿಕ್ಕಿತು, ತಡ ಬೇಕೆಂದು ಮಾಡಿದ್ದಲ್ಲ, ಅನುಮತಿ ಸಿಗದಿದ್ದರೆ ತುಂಬಲಾರದ ನಷ್ಟ, ಸಿಕ್ಕರೆ ಎದುರು ಪಕ್ಷಕ್ಕೆ ಯಾವ ತೊಂದರೆಯೂ ಇಲ್ಲ. ಎದುರು ವಕೀಲರು ತಕರಾರು ಸಲ್ಲಿಸಲು ಒಂದು ವಾಯಿದೆ, ವಾದ ಕೇಳಲು ಒಂದು ವಾಯಿದೆ, ಆದೇಶಕ್ಕೆ ಮತ್ತೊಂದು. ಕೊನೆಗೆ ಐನೂರೋ ಸಾವಿರವೋ ಕಾಸ್ಟ್ ಹಾಕಿ ಅರ್ಜಿ ಅಲೋ ಆಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಿವಿಲ್ ಕೋರ್ಟುಗಳಲ್ಲಿ ಓಡಾಡಿದವರಿಗೆ ಇದು ಹೊಸದಲ್ಲ. ಇದು ಈ ಜಿಲ್ಲೆಗಷ್ಟೇ ಅಂಟಿದ ರೋಗವೂ ಅಲ್ಲ.

ಇದನ್ನು ಔದಾರ್ಯ ಎನ್ನುತ್ತಾರೆ. ಪ್ರಕ್ರಿಯೆ ನ್ಯಾಯದ ದಾಸಿ, ಒಡತಿಯಲ್ಲ ಎನ್ನುತ್ತಾರೆ. ತಾಂತ್ರಿಕ ಕಾರಣಕ್ಕೆ ಸತ್ಯದ ಬಾಗಿಲು ಮುಚ್ಚಬಾರದು ಎನ್ನುತ್ತಾರೆ. ವಕೀಲರ ಸಂಘದಲ್ಲಿ, ಕಾನೂನು ಕಾಲೇಜಿನಲ್ಲಿ, ತೀರ್ಪುಗಳಲ್ಲಿ ಈ ಮಾತು ಎಷ್ಟು ಸಲ ಬಂದಿದೆಯೆಂದರೆ ಅದನ್ನು ಪ್ರಶ್ನಿಸುವವರು ಹೃದಯವಿಲ್ಲದವರಂತೆ ಕಾಣುತ್ತಾರೆ. ನಾನು ಪ್ರಶ್ನಿಸುತ್ತೇನೆ. ದಾಖಲೆ ಕೊಡುವ ಗಡುವನ್ನು ಹೀಗೆ ಸಲೀಸಾಗಿ ಮನ್ನಿಸುವುದು ಕರುಣೆಯಲ್ಲ. ಸಮಯಕ್ಕೆ ಸರಿಯಾಗಿ ಬಂದವನ ಜೇಬಿನಿಂದ ತೆಗೆದು ತಡಮಾಡಿದವನ ಜೇಬಿಗೆ ಹಾಕುವ ಕೆಲಸ ಅದು. ಬಹುಪಾಲು ದಾವೆಗಳಲ್ಲಿ ಅದು ಬಡವನಿಂದ ಬಲ್ಲಿದನಿಗೆ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದರಲ್ಲಿ ಗೊಂದಲವಿಲ್ಲ. ವಾದಿ ತಾನು ನೆಚ್ಚಿದ ದಾಖಲೆಗಳನ್ನು ವಾದಪತ್ರದ ಜೊತೆಯಲ್ಲೇ ಕೊಡಬೇಕು, ಅದು ಆರ್ಡರ್ 7, ರೂಲ್ 14. ಪ್ರತಿವಾದಿ ಜವಾಬಿನ ಜೊತೆ ಕೊಡಬೇಕು, ಜವಾಬು ಸಮನ್ಸ್ ಮುಟ್ಟಿದ 30 ದಿನದಲ್ಲಿ, ಕಾರಣ ಬರೆದಿಟ್ಟರೆ 90 ದಿನದೊಳಗೆ ಬರಬೇಕು. ಮೂಲ ದಾಖಲೆಗಳು ಇಶ್ಯೂ ಆಗುವ ಹೊತ್ತಿಗೆ ಕೋರ್ಟಿನಲ್ಲಿರಬೇಕು, ಅದು ಆರ್ಡರ್ 13. ವಿಚಾರಣೆ ಶುರುವಾದ ಮೇಲೆ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಇಲ್ಲ, ಅದು ಆರ್ಡರ್ 17. ಕೋರ್ಟು ಗಡುವು ವಿಸ್ತರಿಸಬಹುದಾದರೂ ಒಟ್ಟು 30 ದಿನ ಮೀರಬಾರದು, ಅದು ಸೆಕ್ಷನ್ 148. ಕರ್ನಾಟಕ ತನ್ನದೇ ಕೇಸ್ ಫ್ಲೋ ಮ್ಯಾನೇಜ್‌ಮೆಂಟ್ ನಿಯಮಗಳನ್ನು 2005ರಲ್ಲಿ ಮಾಡಿಕೊಂಡು, ದಾವೆಗಳನ್ನು ಬಗೆಬಗೆಯಾಗಿ ವಿಂಗಡಿಸಿ ಪ್ರತಿ ಬಗೆಗೂ ಮುಗಿಯುವ ಅವಧಿ ನಿಗದಿ ಮಾಡಿತು. ನಿಯಮಗಳ ಕೊರತೆಯಿಂದ ನಾವು ಇಲ್ಲಿಗೆ ಬಂದಿಲ್ಲ.

ಸಡಿಲ ಎಲ್ಲಿ ಶುರುವಾಯಿತು ಎಂಬುದು ಗಮನಿಸಬೇಕಾದ ಸಂಗತಿ. ಹಿಂದಿನ ಆರ್ಡರ್ 13ರಲ್ಲಿ ಎರಡನೆಯ ರೂಲ್ ಒಂದಿತ್ತು. ತಡವಾಗಿ ಬಂದ ದಾಖಲೆಯನ್ನು ತಕ್ಕ ಕಾರಣ ತೋರಿಸದೆ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ ನ್ಯಾಯಾಧೀಶರು ಕಾರಣ ಬರೆದಿಡಬೇಕು ಎಂದು ಅದು ಹೇಳುತ್ತಿತ್ತು. 1999ರ ತಿದ್ದುಪಡಿ ಆ ರೂಲ್ ಕಿತ್ತುಹಾಕಿ, ವಾದಪತ್ರದ ಜೊತೆ ಬಾರದ ದಾಖಲೆಗೆ ಬಾಗಿಲನ್ನೇ ಮುಚ್ಚಲು ಹೊರಟಿತು. ದೇಶದ ವಕೀಲರು ಮುಷ್ಕರ ಹೂಡಿದರು. ತಿದ್ದುಪಡಿ ಜಾರಿಯಾಗದೆ ಉಳಿಯಿತು. ಕೊನೆಗೆ 2002ರ ಇನ್ನೊಂದು ತಿದ್ದುಪಡಿಯೊಂದಿಗೆ ಅದೇ ವರ್ಷ ಜುಲೈ 1ರಂದು ಜಾರಿಗೆ ಬಂದಾಗ, ಮುಚ್ಚಿದ ಬಾಗಿಲಿಗೆ ‘ಕೋರ್ಟಿನ ಅನುಮತಿ ಇಲ್ಲದೆ’ ಎಂಬ ಕಿಂಡಿ ಇಡಲಾಗಿತ್ತು. ಅನುಮತಿ ಯಾವಾಗ, ಯಾವ ಕಾರಣಕ್ಕೆ, ಯಾವ ಅಳತೆಯಿಂದ ಎಂಬುದನ್ನು ಯಾರೂ ಬರೆಯಲಿಲ್ಲ. ಹಳೆಯ ರೂಲ್‌ನ ‘ತಕ್ಕ ಕಾರಣ’ವೂ ಹೋಯಿತು, ಹೊಸ ಕಾನೂನಿನ ಬಿಗಿಯೂ ಹೋಯಿತು. ಬಿಗಿ ಮಾಡಲು ಹೊರಟ ಸುಧಾರಣೆ 1908ರ ಸಂಹಿತೆಗಿಂತ ಸಡಿಲವಾದದ್ದು ಹೀಗೆ. ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಮತ್ತು ಕೈಲಾಶ್ ವಿರುದ್ಧ ನನ್ಹಕು ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಈ ಗಡುವುಗಳು ಮಾರ್ಗದರ್ಶಕ, ಕಡ್ಡಾಯವಲ್ಲ ಎಂದಿತು. ಅಪರೂಪದ ಸಂದರ್ಭಕ್ಕೆ ಮಾತ್ರ ವಿನಾಯಿತಿ ಎಂದು ಅದೇ ತೀರ್ಪುಗಳು ಹೇಳಿದ್ದನ್ನು ಕೆಳಗೆ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಈಗ ಈ ಔದಾರ್ಯ ನೆಲದ ಮೇಲೆ ಏನು ಮಾಡುತ್ತದೆ ನೋಡೋಣ. ಹೊಳಲ್ಕೆರೆ ತಾಲ್ಲೂಕಿನ ಒಂದು ಅಡಿಕೆ ತೋಟದ ಪಾಲಿನ ದಾವೆ ಅಂದುಕೊಳ್ಳಿ. ವಾದಿ ಹಿರಿಯೂರಿಗೆ ಮದುವೆ ಮಾಡಿಕೊಟ್ಟ ಮಗಳು. ಪ್ರತಿವಾದಿಗಳು ಅಣ್ಣಂದಿರು. ತೋಟ ಅಣ್ಣಂದಿರ ಅನುಭವದಲ್ಲಿದೆ, ಪಹಣಿಯಲ್ಲಿ ಹಿರಿಯಣ್ಣನ ಹೆಸರಿದೆ, ಮನೆಯ ಕಾಗದಗಳೆಲ್ಲ ಅವನ ಬೀರುವಿನಲ್ಲಿವೆ. ಜವಾಬಿನಲ್ಲಿ ಅವರು ಹೇಳುವುದು, ಅಪ್ಪ ಇದ್ದಾಗಲೇ ಪಾಲಾಗಿದೆ, ತಂಗಿಗೆ ಮದುವೆ ಕಾಲಕ್ಕೆ ಒಡವೆ ಕೊಟ್ಟು ಕೈತೊಳೆದಾಗಿದೆ. ಕಾಗದ ಮಾತ್ರ ಕೊಡುವುದಿಲ್ಲ. ತಂಗಿ ಕಟಕಟೆ ಹತ್ತಿ, ಪಾಟೀಸವಾಲಿನಲ್ಲಿ ತನ್ನ ಕಡೆಯ ಎಳೆಯನ್ನೆಲ್ಲ ಬಿಚ್ಚಿಟ್ಟ ಮೇಲೆ, ಹಳೆಯ ಸ್ಟಾಂಪ್ ಕಾಗದದ ಮೇಲೆ ಬರೆದ ಪಾಲುಪಟ್ಟಿಯೊಂದು ಹೊರಗೆ ಬರುತ್ತದೆ. ನೋಂದಣಿ ಆಗಿಲ್ಲ. ಸಾಕ್ಷಿ ಹಾಕಿದವರಲ್ಲಿ ಇಬ್ಬರು ತೀರಿಹೋಗಿದ್ದಾರೆ.

ಅದನ್ನು ಒಳಗೆ ಬಿಟ್ಟರೆ ಮುಂದೇನಾಗುತ್ತದೆ? ಮುದ್ರಾಂಕ ಸಾಲದು ಎಂಬ ತಕರಾರು. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ಅದನ್ನು ಜಪ್ತಿ ಮಾಡಿ ಹತ್ತುಪಟ್ಟು ದಂಡದ ಲೆಕ್ಕ. ನೋಂದಣಿಯಾಗದ ಪಾಲುಪಟ್ಟಿಯನ್ನು ನಿಶಾನೆ ಮಾಡಬಹುದೇ, ಹಿಂದೆ ಆದ ಪಾಲಿನ ನೆನಪೋಲೆ ಎಂದು ನೋಡಬೇಕೇ ಎಂಬ ವಾದ. ವಾದಿಯನ್ನು ಮತ್ತೆ ಕರೆಸಲು ಅರ್ಜಿ. ಸಹಿ ಅಪ್ಪನದೇ ಎಂದು ತಿಳಿಯಲು ತಜ್ಞರಿಗೆ ಕಳಿಸುವ ಅರ್ಜಿ. ಒಂದೊಂದಕ್ಕೂ ತಕರಾರು, ಒಂದೊಂದಕ್ಕೂ ಆದೇಶ. ಅಷ್ಟರಲ್ಲಿ ಒಬ್ಬ ಪಕ್ಷಕಾರ ತೀರಿಕೊಂಡರೆ ವಾರಸುದಾರರನ್ನು 90 ದಿನದಲ್ಲಿ ಸೇರಿಸಬೇಕು, ಸೇರಿಸದಿದ್ದರೆ ಅದಕ್ಕೂ ತಡಮನ್ನಾ ಅರ್ಜಿ. ಒಂದು ಕಾಗದಕ್ಕೆ ಕೊಟ್ಟ ಕ್ಷಮೆ ಎರಡು-ಮೂರು ವರ್ಷ ತಿನ್ನುತ್ತದೆ.

ಇಲ್ಲಿ ಸುಪ್ರೀಂ ಕೋರ್ಟು ಹೆಣ್ಣುಮಕ್ಕಳಿಗೆ ಕೊಟ್ಟ ರಕ್ಷಣೆ ಯಾವ ದಾರಿಯಲ್ಲಿ ಸೋರಿಹೋಗುತ್ತದೆ ಎಂಬುದು ಕಾಣುತ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಪಾಲನ್ನು ಮಾತ್ರ ಮುಟ್ಟಲಿಲ್ಲ. ಆ ವಿನಾಯಿತಿಯನ್ನು ಹಿಡಿದು ಸುಳ್ಳು ಪಾಲುಗಳು ಹುಟ್ಟಿಕೊಳ್ಳುತ್ತವೆ ಎಂದು ಗೊತ್ತಿದ್ದೇ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಕೋರ್ಟು, ಬಾಯಿಮಾತಿನ ಪಾಲಿನ ವಾದವನ್ನು ಸುಲಭಕ್ಕೆ ಒಪ್ಪಬಾರದು, ಸಾರ್ವಜನಿಕ ದಾಖಲೆಯ ಬೆಂಬಲವಿದ್ದ ಅಪರೂಪದ ಸಂದರ್ಭಕ್ಕಷ್ಟೇ ಅದು ಎಂದಿತು. ದೆಹಲಿಯಲ್ಲಿ ಬಿಗಿ ಮಾಡಿದ ಆ ಬಾಗಿಲನ್ನು ತಾಲ್ಲೂಕಿನಲ್ಲಿ ಸಾವಿರ ರೂಪಾಯಿ ಕಾಸ್ಟಿಗೆ ತೆರೆದುಕೊಡಲಾಗುತ್ತಿದೆ. ಕೊನೆಗೆ ಆ ಮಗಳು ಗೆಲ್ಲಬಹುದು. ಗೆಲ್ಲುವ ದಿನಕ್ಕೆ ಅವಳ ವಯಸ್ಸೆಷ್ಟು?

ಕಾಸ್ಟು ಕೊಟ್ಟ ಮೇಲೆ ಎದುರು ಪಕ್ಷಕ್ಕೆ ನಷ್ಟವೇನು ಎಂಬ ವಾದವನ್ನು ನಾನು ಎಲ್ಲಕ್ಕಿಂತ ಹೆಚ್ಚು ಅಲ್ಲಗಳೆಯುತ್ತೇನೆ. ಭೀಮಸಮುದ್ರದ ಅಡಿಕೆ ವ್ಯಾಪಾರ ಬಲ್ಲವರನ್ನು ಕೇಳಿ. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ ನಲವತ್ತು ಐವತ್ತು ಸಾವಿರದ ಆಸುಪಾಸು ಆಡಿದೆ. ತೋಟ ಅನುಭವದಲ್ಲಿಟ್ಟುಕೊಂಡವನು ಒಂದು ಕೊಯ್ಲಿನ ಕಾಲ ದಾವೆಯನ್ನು ಎಳೆದರೆ ಅವನ ಕೈಗೆ ಬರುವುದೆಷ್ಟು, ಅವನು ಕಟ್ಟಿದ ಕಾಸ್ಟೆಷ್ಟು? ಹೊಸದುರ್ಗದ ತೆಂಗು, ದಾಳಿಂಬೆ, ವಾಣಿವಿಲಾಸ ಸಾಗರದ ನಾಲೆ ಬಯಲಿನ ಹಿರಿಯೂರು ತೋಟಗಳು, ಎಲ್ಲ ಕಡೆಯೂ ಲೆಕ್ಕ ಅದೇ. ಸುಳ್ಳು ಅಥವಾ ಕಿರುಕುಳದ ವಾದಕ್ಕೆ ಪರಿಹಾರ ಕೊಡಿಸುವ ಸೆಕ್ಷನ್ 35ಎ ಮೇಲೆ ಇಂದಿಗೂ ಮೂರು ಸಾವಿರ ರೂಪಾಯಿಯ ಮಿತಿ ಕೂತಿದೆ. ಆ ಮಿತಿ ಮುಟ್ಟದ, ವಾಯಿದೆ ತಪ್ಪಿಸಿದವನಿಂದ ನಿಜವಾದ ಖರ್ಚು ಕೊಡಿಸಬಹುದಾದ ಸೆಕ್ಷನ್ 35ಬಿ ಸಂಹಿತೆಯಲ್ಲಿದೆ. ಅದನ್ನು ಕಟ್ಟುವವರೆಗೆ ಅವನ ದಾವೆಯೋ ಪ್ರತಿವಾದವೋ ಮುಂದುವರಿಯುವಂತಿಲ್ಲ. ಬಳಸುವವರು ಬೇಕಷ್ಟೆ. ವಾದಿಯ ಕಡೆಯ ಖರ್ಚು ಬರೀ ವಕೀಲರ ಫೀಸಲ್ಲ. ಹಿರಿಯೂರಿಂದ ಹೊಳಲ್ಕೆರೆಗೆ ಬಸ್ಸು ಹಿಡಿದು ಬಂದು, ಒಂದು ದಿನದ ಕೂಲಿ ಕಳೆದುಕೊಂಡು, ‘ಮುಂದಕ್ಕೆ ಹೋಯ್ತು’ ಎಂಬ ಎರಡು ಪದ ಕೇಳಿ ಸಂಜೆ ಹಿಂದಿರುಗುವವಳ ಖರ್ಚನ್ನು ಯಾವ ಕಾಸ್ಟು ತುಂಬಿಕೊಡುತ್ತದೆ?

ಹಳ್ಳಿಯವರು, ಓದಿಲ್ಲದವರು, ಕಾಗದಪತ್ರದ ಜಾಡು ಗೊತ್ತಿಲ್ಲದವರು, ಅವರಿಗಾಗಿಯೇ ಈ ಸಡಿಲ ಎಂಬುದು ಎರಡನೆಯ ವಾದ. ಇದನ್ನು ಹಗುರವಾಗಿ ತಳ್ಳಲಾಗದು. ಹಳೆಯ ಕೈಬರಹದ ಪಹಣಿ, ಸರ್ವೆ ಟಿಪ್ಪಣಿ, ಇನಾಂ ಕಡತ ರೆಕಾರ್ಡ್ ರೂಮಿನಲ್ಲಿ ಹುಳು ತಿನ್ನುತ್ತಿರುವಾಗ ನಕಲು ಬರಲು ತಿಂಗಳು ಹಿಡಿದರೆ ಅದು ಪಕ್ಷಕಾರನ ತಪ್ಪಲ್ಲ. ಅರ್ಜಿ ಕೊಟ್ಟ ತಾರೀಕಿನ ಸ್ವೀಕೃತಿ ತೋರಿಸಿದರೆ ಅವನಿಗೆ ಸಮಯ ಕೊಡಲೇಬೇಕು. 2011ರ ಸಕಾಲ ಕಾಯ್ದೆ ಬಂದ ಮೇಲೆ ಆ ಸ್ವೀಕೃತಿ ಸಂಖ್ಯೆ ಅದರ ವ್ಯಾಪ್ತಿಗೆ ಬರುವ ಪ್ರತಿ ಅರ್ಜಿಗೂ ಸಿಗುತ್ತದೆ. ತಡಮಾಡಿದ ನೌಕರ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಆದರೆ ತಡವಾಗಿ ಬರುವ ಅರ್ಜಿಗಳಲ್ಲಿ ಇಂಥವು ಎಷ್ಟು? ಬರುವ ಕಾಗದ ಸಾಮಾನ್ಯವಾಗಿ ಅರ್ಜಿದಾರನದೇ ಮನೆಯದು, ಅವನದೇ ಕೈಯಲ್ಲಿದ್ದದ್ದು. ಬೀರುವಿನ ಬೀಗದಕೈ ಇಟ್ಟುಕೊಂಡವನಿಗೂ ರೆಕಾರ್ಡ್ ರೂಮಿನ ಬಾಗಿಲಲ್ಲಿ ಕಾದವನಿಗೂ ಒಂದೇ ಕ್ಷಮೆ ಕೊಟ್ಟರೆ ಬಡವನ ಹೆಸರಿನಲ್ಲಿ ಯಾರಿಗೆ ಉಪಕಾರವಾಯಿತು?

ಬಡವನ ನಿಜವಾದ ಆಯುಧ ಆರ್ಡರ್ 11. ಎದುರಿನವನ ವಶದಲ್ಲಿರುವ ದಾಖಲೆಗಳನ್ನೆಲ್ಲ ಪ್ರಮಾಣ ಮಾಡಿ ಪಟ್ಟಿ ಕೊಡು ಎಂದು ಕೇಳುವ ಹಕ್ಕು, ಅವನ್ನು ನೋಡುವ ಹಕ್ಕು ಅಲ್ಲಿದೆ. ಕೋರ್ಟು ಹೇಳಿಯೂ ಕೊಡದಿದ್ದರೆ ರೂಲ್ 21ರಂತೆ ವಾದಿಯ ದಾವೆ ವಜಾ ಮಾಡಬಹುದು, ಪ್ರತಿವಾದಿಯ ರಕ್ಷಣೆಯನ್ನೇ ಕಿತ್ತುಹಾಕಬಹುದು. ಕಾಗದವೇ ಇಲ್ಲದ ಮಗಳಿಗೆ, ಗೇಣಿದಾರನ ಮೊಮ್ಮಗನಿಗೆ, ಪಾಲು ತಪ್ಪಿದ ತಮ್ಮನಿಗೆ ಇದಕ್ಕಿಂತ ದೊಡ್ಡ ಆಸರೆ ಸಂಹಿತೆಯಲ್ಲಿ ಇಲ್ಲ. ತಾಲ್ಲೂಕು ಕೋರ್ಟುಗಳಲ್ಲಿ ಈ ಅರ್ಜಿ ಹಾಕುವವರೇ ಅಪರೂಪ. ಹಾಕಿ ಪ್ರಯೋಜನವೇನು? ಇಲ್ಲ ಎಂದು ಪ್ರಮಾಣ ಮಾಡಿದ ಕಾಗದವನ್ನೇ ಮೂರು ವರ್ಷದ ಮೇಲೆ ಐ.ಎ. ಹಾಕಿ ತರಬಹುದಾದರೆ ಆ ಪ್ರಮಾಣಕ್ಕೆ ಬೆಲೆ ಎಲ್ಲಿಯದು? ಗಡುವು ಸಡಿಲವಾದಲ್ಲಿ ಆರ್ಡರ್ 11 ಸಾಯುತ್ತದೆ, ಅದು ಸತ್ತಲ್ಲಿ ಕಾಗದ ಇರುವವನೇ ಗೆಲ್ಲುತ್ತಾನೆ.

ವಕೀಲರ ತಪ್ಪಿಗೆ ಕಕ್ಷಿದಾರ ನರಳಬಾರದು ಎಂಬ ಮೂರನೆಯ ವಾದಕ್ಕೆ 1981ರ ರಫೀಕ್ ವಿರುದ್ಧ ಮುನ್ಷಿಲಾಲ್ ತೀರ್ಪಿನ ಬಲವಿದೆ. ಅದರ ಅನುಕಂಪ ನನಗೂ ಒಪ್ಪಿಗೆ. ಎದುರು ಕಕ್ಷಿದಾರನೂ ಕಕ್ಷಿದಾರನೇ. ಅವನ ವಕೀಲರು ಸಮಯಕ್ಕೆ ಸರಿಯಾಗಿ ಎಲ್ಲ ಕೊಟ್ಟಿದ್ದಾರೆ. ತಪ್ಪು ಮಾಡದ ಇಬ್ಬರಲ್ಲಿ ಒಬ್ಬ ನರಳಲೇಬೇಕಾದರೆ, ತಪ್ಪು ಮಾಡಿದ ವಕೀಲರನ್ನು ಆರಿಸಿಕೊಂಡವನು ನರಳಬೇಕೇ, ಯಾವ ಸಂಬಂಧವೂ ಇಲ್ಲದವನು ನರಳಬೇಕೇ?

ನ್ಯಾಯಾಧೀಶರನ್ನು ಮಾತ್ರ ದೂರಿ ಕೈತೊಳೆಯುವುದು ನನ್ನ ಉದ್ದೇಶವಲ್ಲ. ಅವರ ಮುಂದೆ ದಿನವೂ ಉದ್ದದ ಪಟ್ಟಿ ಇರುತ್ತದೆ. ಐ.ಎ. ತಿರಸ್ಕರಿಸಿದರೆ ಪಕ್ಷಕಾರ 227ನೇ ವಿಧಿಯಡಿ ಬೆಂಗಳೂರಿನ ಹೈಕೋರ್ಟಿಗೆ ರಿಟ್ ಹಾಕುತ್ತಾನೆ. ತಡೆ ಸಿಕ್ಕರೆ ದಾವೆ ಅಲ್ಲೇ ನಿಲ್ಲುತ್ತದೆ, ಕಡತ ಮೇಲಿನ ಕೋರ್ಟಿಗೆ ಹೋಗುತ್ತದೆ. ಅಲೋ ಮಾಡಿದರೆ ದಾವೆ ಕುಂಟುತ್ತಲಾದರೂ ನಡೆಯುತ್ತದೆ. ಹಾಗಾಗಿ ಕ್ಷಮೆಯೇ ಕಡಿಮೆ ಕಷ್ಟದ ದಾರಿ ಎಂದು ಅನ್ನಿಸುವುದು ಸಹಜ. ಮೇಲಿನಿಂದ ಬರುವ ಸೂಚನೆಗಳೂ ಒಂದೇ ದಿಕ್ಕಿನವಲ್ಲ. ಗುಪ್ತಾ ಬಿಲ್ಡಿಂಗ್ ಮೆಟೀರಿಯಲ್ ಸ್ಟೋರ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಮೊದಲಿನಿಂದ ವಾದಿಯ ಕೈಯಲ್ಲೇ ಇದ್ದ ಬಿಲ್ಲುಗಳನ್ನು ವಾದ ಮುಗಿದ ಮೇಲೆ ತರಲು ಬಿಡುವುದಿಲ್ಲ ಎಂದಿತು. 2020ರಲ್ಲಿ ಸುಗಂಧಿ ವಿರುದ್ಧ ರಾಜ್‌ಕುಮಾರ್ ಪ್ರಕರಣದಲ್ಲಿ ಅದೇ ಕೋರ್ಟು ಪ್ರತಿವಾದಿಯ ಅರ್ಜಿಯನ್ನು ಉದಾರವಾಗಿ ನೋಡಬೇಕೆಂದಿತು. ತಾಲ್ಲೂಕಿನ ನ್ಯಾಯಾಧೀಶರ ಮೇಜಿನ ಮೇಲೆ ಎರಡೂ ತೀರ್ಪು ಬರುತ್ತವೆ. ಎರಡನೆಯದನ್ನು ಅನುಸರಿಸಿದರೆ ಮೇಲಿನವರು ಬೈಯುವುದಿಲ್ಲ.

ಉದಾರ ನೀತಿಗೆ ಮೂಲವೆಂದು ಎಲ್ಲರೂ ತೋರಿಸುವುದು 1987ರ ಕತೀಜಿ ತೀರ್ಪನ್ನು. ಅದು ಮೇಲ್ಮನವಿ ಹಾಕಲು ತಡವಾದ ಪ್ರಕರಣ. ಬಾಗಿಲಲ್ಲೇ ನಿಂತವನನ್ನು ಒಳಗೆ ಬಿಡಬೇಕೇ ಎಂಬುದು ಅಲ್ಲಿನ ಪ್ರಶ್ನೆ. ವರ್ಷಗಟ್ಟಲೆ ಒಳಗೇ ಇದ್ದು, ಎದುರಿನವನ ಸಾಕ್ಷ್ಯ ಕೇಳಿ, ಆಮೇಲೆ ಕಾಗದ ತೆಗೆಯುವವನಿಗೆ ಆ ತೀರ್ಪನ್ನು ಹೊಂದಿಸುವುದು ಸರಿಯಲ್ಲ. ಇದಕ್ಕೂ ಮಿಗಿಲಾಗಿ, ಆ ಔದಾರ್ಯವನ್ನು ಹೆಚ್ಚು ಉಂಡದ್ದು ಸರ್ಕಾರ. ಭದ್ರಾ ಮೇಲ್ದಂಡೆಗೆ, ತುಮಕೂರು–ದಾವಣಗೆರೆ ರೈಲು ಮಾರ್ಗಕ್ಕೆ ಜಮೀನು ಬಿಟ್ಟುಕೊಟ್ಟ ಈ ಜಿಲ್ಲೆಯ ರೈತರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಹೆಚ್ಚಿನ ಪರಿಹಾರ ಕೇಳಿ ಕೋರ್ಟಿಗೆ ಹೋದಾಗ ಅಳತೆ, ಮಹಜರು, ಮರಗಳ ಲೆಕ್ಕ, ಬೆಲೆಪಟ್ಟಿ ಎಲ್ಲ ಇರುವುದು ಭೂಸ್ವಾಧೀನಾಧಿಕಾರಿಯ ಕಚೇರಿಯಲ್ಲಿ. ನಮ್ಮದೇ ರಾಜ್ಯದ ಬಸವರಾಜ ವಿರುದ್ಧ ವಿಶೇಷ ಭೂಸ್ವಾಧೀನಾಧಿಕಾರಿ ಪ್ರಕರಣದಲ್ಲಿ ಜಮೀನಿನವರು ಐದೂವರೆ ವರ್ಷ ತಡಮಾಡಿದ್ದನ್ನು ಸುಪ್ರೀಂ ಕೋರ್ಟು 2013ರಲ್ಲಿ ಮನ್ನಿಸಲಿಲ್ಲ. ಸರ್ಕಾರ ಮಾತ್ರ ಕಡತ ಮೇಜಿಂದ ಮೇಜಿಗೆ ಹೋಗಲು ತಡವಾಯಿತು ಎಂದು ದಶಕಗಳ ಕಾಲ ಹೇಳಿ ಗೆದ್ದಿತು. ಅಂಚೆ ಇಲಾಖೆಯ 427 ದಿನದ ತಡವನ್ನು 2012ರಲ್ಲಿ, ಮಧ್ಯಪ್ರದೇಶ ಸರ್ಕಾರದ 663 ದಿನದ ತಡವನ್ನು 2020ರಲ್ಲಿ ಸುಪ್ರೀಂ ಕೋರ್ಟು ತಿರಸ್ಕರಿಸಿತು. ಎರಡನೆಯದರಲ್ಲಿ 25,000 ರೂಪಾಯಿ ದಂಡವನ್ನೂ ಹಾಕಿತು. ಈ ಬಿಗಿ ತಾಲ್ಲೂಕಿನ ಸರ್ಕಾರಿ ವಕೀಲರವರೆಗೆ ಇಳಿದು ಬರಬೇಕು.

ಹೆಚ್ಚು ನೋಯಿಸುವ ಸಂಗತಿ ಇನ್ನೊಂದಿದೆ. ಬಿಗಿ ಎಂಬುದು ಈ ದೇಶದಲ್ಲಿ ಅಸಾಧ್ಯವಲ್ಲ, ವ್ಯಾಪಾರಿಗಳಿಗೆ ಅದು ಈಗಾಗಲೇ ಸಿಕ್ಕಿದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಆರ್ಡರ್ 11ನ್ನೇ ಹೊಸದಾಗಿ ಬರೆಯಿತು. ತನ್ನ ವಶದ ಎಲ್ಲ ದಾಖಲೆ ಕೊಟ್ಟಿದ್ದೇನೆ ಎಂದು ಮೊದಲೇ ಪ್ರಮಾಣ ಮಾಡಬೇಕು. ಬಿಟ್ಟದ್ದನ್ನು ಆಮೇಲೆ ತರಬೇಕಾದರೆ ತಕ್ಕ ಕಾರಣ ತೋರಿಸಬೇಕು. ಜವಾಬಿಗೆ 120 ದಿನ ಮೀರಿದರೆ ಹಕ್ಕೇ ಹೋಯಿತು ಎಂದು 2019ರಲ್ಲಿ ಸುಪ್ರೀಂ ಕೋರ್ಟು ಖಚಿತ ಮಾಡಿತು. 2018ರಿಂದ ಮೂರು ಲಕ್ಷ ರೂಪಾಯಿಯ ವ್ಯವಹಾರಕ್ಕೂ ಈ ಕಾಯ್ದೆ ಅನ್ವಯ. ಅಂದರೆ ಅಡಿಕೆ ಮಂಡಿಯವನ ಮೂರು ಲಕ್ಷದ ಬಾಕಿಗೆ ಶಿಸ್ತು ಉಂಟು, ಅದೇ ಅಡಿಕೆ ಬೆಳೆದ ತೋಟದಲ್ಲಿ ಮಗಳಿಗೆ ಬರಬೇಕಾದ ಪಾಲಿಗೆ ಇಲ್ಲ. ಇದನ್ನು ಸಮರ್ಥಿಸುವ ಒಂದು ಕಾರಣವನ್ನೂ ನಾನು ಈವರೆಗೆ ಕೇಳಿಲ್ಲ.

ಬಿಗಿ ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಪಾಠ ಇದೆ. ಇಂಗ್ಲೆಂಡಿನಲ್ಲಿ 2013ರಲ್ಲಿ ಆಂಡ್ರೂ ಮಿಚೆಲ್ ಎಂಬ ರಾಜಕಾರಣಿಯ ವಕೀಲರು ಖರ್ಚಿನ ಅಂದಾಜುಪಟ್ಟಿಯನ್ನು ತಡವಾಗಿ ಕೊಟ್ಟರು. ಐದು ಲಕ್ಷ ಪೌಂಡಿಗೂ ಮೀರಿದ ಅಂದಾಜು ಬಿದ್ದುಹೋಗಿ ಕೋರ್ಟ್ ಶುಲ್ಕವಷ್ಟೇ ಅವರಿಗೆ ಉಳಿಯಿತು. ಆಮೇಲೆ ಎದುರಿನವರ ಒಂದೊಂದು ಸಣ್ಣ ತಪ್ಪನ್ನೂ ಹಿಡಿದು ಲಾಭ ಮಾಡಿಕೊಳ್ಳಲು ವಕೀಲರು ಮುಗಿಬಿದ್ದರು. 2014ರಲ್ಲಿ ಡೆಂಟನ್ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಸರಿಪಡಿಸಿತು. ಮೊದಲು, ತಪ್ಪು ಎಷ್ಟು ಗಂಭೀರ ಎಂದು ನೋಡು. ಆಮೇಲೆ, ಅದಕ್ಕೆ ಕಾರಣವೇನು. ಕೊನೆಗೆ, ಒಟ್ಟು ಸಂದರ್ಭ ಏನು ಹೇಳುತ್ತದೆ. ಗಡುವನ್ನು ಅವರು ಕೈಬಿಡಲಿಲ್ಲ. ಕ್ಷಮೆ ಕೇಳಿದವನು ಮೂರು ಪ್ರಶ್ನೆಗೆ ಉತ್ತರ ಕೊಟ್ಟೇ ಪಡೆಯಬೇಕೆಂದರು. ನಮ್ಮಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಳ್ಳಿಗಳಲ್ಲಿ ವಿಧಿಲಿಖಿತದಂತೆ ಹೇಳುತ್ತಾರೆ. ಅದು ವಿಧಿಯಲ್ಲ, ಒಂದೊಂದು ಐ.ಎ. ಮೇಲೆ ಬಿದ್ದ ಸಹಿಯಿಂದ ಆದದ್ದು. ಸೋಮವಾರ ಸಿರಿಗೆರೆಗೆ ಹೋಗಿ ನೋಡಿ. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಜಮೀನು, ಮನೆ, ದಾಯಾದಿ ಜಗಳ ಹೊತ್ತು ಬಂದ ಜನ ಕೂತಿರುತ್ತಾರೆ. ಗುರುಗಳ ಮೇಲಿನ ಭಕ್ತಿ ಅವರನ್ನು ಕರೆತಂದಿರುತ್ತದೆ, ನಿಜ. ಜೀವವಿರುವಾಗಲೇ ಒಂದು ತೀರ್ಮಾನ ಕಾಣಬೇಕೆಂಬ ಹಂಬಲವೂ ಕರೆತಂದಿರುತ್ತದೆ. ಅಲ್ಲಿ ಆದ ರಾಜಿ ಒಳ್ಳೆಯದೇ. ಆದರೆ ಡಿಕ್ರಿ ಕೊಡುವ ಅಧಿಕಾರ, ಒಪ್ಪದವನನ್ನು ಒಪ್ಪಿಸುವ ಬಲ ಇರುವುದು ಸರ್ಕಾರ ಕಟ್ಟಿಸಿದ ಕೋರ್ಟಿಗೆ ಮಾತ್ರ. ಆ ಬಲವನ್ನು ಕೋರ್ಟು ತಾನೇ ಸಾವಿರ ರೂಪಾಯಿಗೆ ಬಿಟ್ಟುಕೊಡುತ್ತಿದೆ.

ಕರ್ನಾಟಕದವರೇ ಆದ ನ್ಯಾಯಮೂರ್ತಿ ಅರವಿಂದ ಕುಮಾರ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ 2023ರ ಅಕ್ಟೋಬರಿನಲ್ಲಿ, 1982ರಲ್ಲಿ ಹೂಡಿದ ದಾವೆಯೊಂದನ್ನು ಮುಂದಿಟ್ಟುಕೊಂಡು ಕೆಳಗಿನ ಕೋರ್ಟುಗಳಿಗೆ ಸೂಚನೆಗಳ ಸರಣಿಯನ್ನೇ ಕೊಟ್ಟಿತು. ಜವಾಬಿನ ಗಡುವು ಮೀರಿದರೆ ಕಾರಣ ಬರೆದಿಡಬೇಕು ಎಂಬುದೂ ಅದರಲ್ಲಿತ್ತು. ಅದಕ್ಕಿಂತ ಹತ್ತಿರದ ದಾರಿ ಬೆಂಗಳೂರಿನಲ್ಲೇ ಇದೆ. ಸಂಹಿತೆಯ ಸೆಕ್ಷನ್ 122 ಪ್ರತಿ ಹೈಕೋರ್ಟಿಗೂ ಮೊದಲ ಅನುಸೂಚಿಯ ನಿಯಮಗಳನ್ನು ತನ್ನ ರಾಜ್ಯಕ್ಕೆ ತಿದ್ದಿಕೊಳ್ಳುವ ಅಧಿಕಾರ ಕೊಟ್ಟಿದೆ. ಸಂಸತ್ತಿಗೆ ಕಾಯಬೇಕಿಲ್ಲ, ರಾಜ್ಯ ಸರ್ಕಾರದ ಒಪ್ಪಿಗೆ ಸಾಕು. ಆರ್ಡರ್ 7ರ ರೂಲ್ 14(3)ಕ್ಕೂ ಆರ್ಡರ್ 8ರ ರೂಲ್ 1ಎ(3)ಕ್ಕೂ ನಾಲ್ಕು ಸಾಲು ಸೇರಿಸಿದರೆ ಮುಗಿಯಿತು. ದಾಖಲೆ ಇಷ್ಟು ದಿನ ಯಾರ ವಶದಲ್ಲಿ ಎಲ್ಲಿತ್ತು ಎಂದು ಪ್ರಮಾಣಪತ್ರದಲ್ಲಿ ಹೇಳಬೇಕು. ಸಿಕ್ಕ ತಾರೀಕು ಹೇಳಿ, ಆ ಮಾತಿಗೆ ಪಾಟೀಸವಾಲು ಎದುರಿಸಲು ಸಿದ್ಧನಿರಬೇಕು. ತಕ್ಕ ಕಾರಣ ಇದೆ ಎಂದು ನ್ಯಾಯಾಧೀಶರು ಬರೆಯದೆ ಅನುಮತಿ ಇಲ್ಲ. ಅನುಮತಿ ಸಿಕ್ಕರೆ ಎದುರು ಪಕ್ಷದ ನಿಜವಾದ ಖರ್ಚು, ಅನುಭವದಲ್ಲಿರುವ ಜಮೀನಾದರೆ ಆ ಅವಧಿಯ ಉತ್ಪನ್ನದ ಅಂದಾಜೂ ಸೇರಿ, ಮೊದಲು ಕೋರ್ಟಿನಲ್ಲಿ ಠೇವಣಿಯಾಗಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ವಕೀಲರ ಸಂಘಗಳು ಇಷ್ಟನ್ನು ಒಂದು ನಿರ್ಣಯವಾಗಿ ಬರೆದು ಹೈಕೋರ್ಟಿನ ನಿಯಮ ಸಮಿತಿಗೆ ಕಳಿಸಲಿ. 2000ನೇ ಇಸವಿಯಲ್ಲಿ ಗಡುವು ಬೇಡವೆಂದು ಬೀದಿಗಿಳಿಯಲು ಆದ ಒಗ್ಗಟ್ಟು ಈಗ ಗಡುವು ಬೇಕೆಂದು ಕೇಳಲೂ ಆಗಬೇಕು.